ಕಾವಲು ಬಿಡಿಸಿದ್ದು

ಲಾರಿ ಸ್ಟ್ಯಾಂಡಿಗೆ ರಸ್ತೆ ತಿರುಗುವ ಮೂಲೆಯಲ್ಲಿ ತಗಡಿನ ಚಾವಣಿಯ ಒಂದು ಪಂಕ್ಚರ್ ಅಂಗಡಿ. ಅದನ್ನು ನಡೆಸುವವಳಿಗೆ ಪಂಕ್ಚರಮ್ಮ ಅಂತಲೇ ಹೆಸರು. ಮೊದಮೊದಲು ಡ್ರೈವರುಗಳು ಕೀಟಲೆಗೆ ಇಟ್ಟದ್ದು. ಅವಳೇನು ಮುಖ ಊದಿಸಿಕೊಳ್ಳಲಿಲ್ಲ. ಗಾಳಿ ಇಳಿದ ಮೇಲೆ ಎಂಥ ದೊಡ್ಡ ಗಾಡಿಯವನಾದರೂ ತನ್ನ ಮುಂದೆ ಬಂದು ಕೈಕಟ್ಟಿ ನಿಲ್ಲಲೇಬೇಕಲ್ಲ, ಏನಾದರೂ ಕರೆದುಕೊಳ್ಳಲಿ ಬಿಡು ಅಂದಳು. ಈಗ ಯಾರಾದರೂ ಅವಳ ನಿಜವಾದ ಹೆಸರು ಹಿಡಿದು ಕೂಗಿದರೆ ಅವಳೇ ಒಂದು ಗಳಿಗೆ ತಡೆದು ತಿರುಗುತ್ತಾಳೆ.

ಅಂಗಡಿ ಅವಳ ಅಪ್ಪನದು. ಅಪ್ಪ ತೀರಿಕೊಂಡಾಗ ನೆಂಟರಿಷ್ಟರೆಲ್ಲ ಒಂದೇ ಬಾಯಲ್ಲಿ ಮಾರಿಬಿಡು ಅಂದರು. ಲಾರಿ ಚಕ್ರ ಎತ್ತುವುದು ಹೆಣ್ಣುಮಕ್ಕಳ ಕೈಲಾಗುವ ಕೆಲಸವಲ್ಲವಂತೆ. ಚಕ್ರ ಎತ್ತುವುದು ಜಾಕು, ನಾನಲ್ಲ ಅಂತ ಹೇಳಿ ಅವಳು ಮಾರನೆಯ ದಿನವೇ ಶಟರ್ ಎತ್ತಿದಳು. ಬುದ್ಧಿ ಹೇಳಲು ಬಂದ ಚಿಕ್ಕಪ್ಪನೊಬ್ಬ ತನ್ನ ಸ್ಕೂಟರಿಗೆ ಗಾಳಿ ಹಾಕಿಸಿಕೊಂಡು ಹೋದ.

ಟ್ಯೂಬಿಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಏಳುವ ಜಾಗ ಹುಡುಕುವುದು, ಅಲ್ಲಿ ಉಜ್ಜಿ ಸಲ್ಯೂಷನ್ ಹಚ್ಚಿ ಪ್ಯಾಚ್ ಒತ್ತುವುದು, ಇವೆಲ್ಲ ಯಾರು ಬೇಕಾದರೂ ಕಲಿತಾರು. ಅಪ್ಪ ಅವಳಿಗೆ ಕಲಿಸಿದ ಮೊದಲ ಪಾಠ ಬೇರೆ. ಟ್ಯೂಬನ್ನು ಮತ್ತೆ ಒಳಗೆ ಕೂರಿಸುವ ಮುಂಚೆ ಟೈರಿನ ಒಳಮೈಯನ್ನು ಬರಿಗೈಯಲ್ಲಿ ಸುತ್ತ ಸವರಬೇಕು. ಚುಚ್ಚಿದ ಮೊಳೆ ಇನ್ನೂ ಅಲ್ಲೇ ಕೂತಿರುತ್ತದೆ. ಅದನ್ನು ಕೀಳದೆ ಟ್ಯೂಬ್ ಹಾಕಿದರೆ ಗಾಡಿ ಆ ಬೀದಿ ದಾಟುವುದರೊಳಗೆ ಮತ್ತೆ ನಿನ್ನ ಬಾಗಿಲಿಗೇ ಬರುತ್ತದೆ, ಬೈಗುಳದ ಸಮೇತ, ಅನ್ನುತ್ತಿದ್ದ ಅಪ್ಪ. ಹಾಗೆ ಸವರಿ ಸವರಿ ಅವಳ ಬಲ ಅಂಗೈ ತುಂಬ ಹಳೆಯ ಗೀರುಗಳು.

ಗಂಡ ಸಿಕ್ಕಿದ್ದೂ ಅಂಗಡಿಯಲ್ಲೇ. ರಜೆಗೆ ಬಂದಿದ್ದ ಸೈನಿಕನೊಬ್ಬ ಬೈಕು ತಳ್ಳಿಕೊಂಡು ಬಂದ. ಅವಳು ಬೇರೆ ಗಾಡಿಯ ಕೆಲಸದಲ್ಲಿದ್ದಳು. ಅವನು ಸುಮ್ಮನೆ ನಿಲ್ಲದೆ ತನ್ನ ಚಕ್ರ ತಾನೇ ಬಿಚ್ಚಿ ನಟ್ಟು, ವಾಷರು, ಬೋಲ್ಟು ಎಲ್ಲವನ್ನೂ ಒಂದು ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಜೋಡಿಸಿಟ್ಟ. ಆ ಸಾಲು ನೋಡಿ ಅವಳ ಮನಸ್ಸು ಜಾರಿತು. ಆ ರಜೆಯಲ್ಲಿ ಅವನ ಬೈಕು ಎಷ್ಟು ಸಲ ಪಂಕ್ಚರ್ ಆಯಿತೆಂದರೆ, ಮೊಳೆ ರಸ್ತೆಯದೋ ಅವನ ಜೇಬಿನದೋ ಅಂತ ಅವಳಿಗೇ ಅನುಮಾನ ಬಂತು. ಮದುವೆಯಾದ ಮೇಲೆ ಕೇಳಿದಳು. ಅವನು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ.

ಬೀದಿಯವರು ಅವನನ್ನು ಕರೆಯುವುದು ಮಿಲ್ಟ್ರಿ ಅಂತ. ವರ್ಷಕ್ಕೊಮ್ಮೆ ಬಂದು ಹೋಗುವ ನೆಂಟನಾದ ಅವನು. ಒಬ್ಬಳೇ ಮಗಳು. ಶಾಲೆ ಬಿಟ್ಟ ಮೇಲೆ ಅಂಗಡಿಯ ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟುಕೊಂಡು ಬಂದವರನ್ನೆಲ್ಲ ಮೇಲಿಂದ ಕೆಳಗೆ ಅಳೆಯುತ್ತ ಕೂರುತ್ತಿದ್ದಳು. ಡ್ರೈವರುಗಳು ಅವಳಿಗೆ ಇನ್‌ಸ್ಪೆಕ್ಟರ್ ಅಂತ ಹೆಸರಿಟ್ಟರು.

ಆ ಮಗಳು ಇನ್ನೂ ಸರಿಯಾಗಿ ಶಾಲೆಗೂ ಸೇರದ ವಯಸ್ಸಿನಲ್ಲಿ, ಅಪ್ಪ ರಜೆ ಮುಗಿಸಿ ಹೊರಟ ದಿನ, ಅವನ ಕಾಲು ತಬ್ಬಿಕೊಂಡು ಬಿಡಲೇ ಇಲ್ಲ. ಬಸ್ಸಿಗೆ ಹೊತ್ತಾಗುತ್ತಿತ್ತು. ಅವನು ಚೀಲ ಕೆಳಗಿಟ್ಟು, ತನ್ನ ಕೊರಳಿನ ವಿಸಿಲ್ ತೆಗೆದು ಮಗುವಿನ ಕೊರಳಿಗೆ ಹಾಕಿದ. ಕಾವಲಿನವನು ತನ್ನ ಜಾಗ ಬಿಟ್ಟು ಹಾಗೇ ಹೋಗುವಂತಿಲ್ಲ, ಇನ್ನೊಬ್ಬರು ಬಂದು ತಗೊಂಡರೆ ಮಾತ್ರ ಹೋಗಬಹುದು, ನೀನು ನನ್ನ ಜಾಗಕ್ಕೆ ಬರುತ್ತೀಯಾ ಅಂತ ಕೇಳಿದ. ಮಗು ಅಳು ನಿಲ್ಲಿಸಿ ನೆಟ್ಟಗೆ ನಿಂತಿತು.

"ಅಮ್ಮನ್ನ, ಮನೇನ ನೀನು ಕಾಯ್ಬೇಕು. ನಾನು ಬಂದು ತಗೊಳ್ಳೋತನಕ ಬಿಡ್ಬಾರದು."

"ಬಿಡಲ್ಲ," ಅಂದಿತು ಮಗು.

ಅಲ್ಲಿಂದ ಮುಂದೆ ಅದೇ ಆ ಮನೆಯ ಪದ್ಧತಿಯಾಯಿತು. ಹೋಗುವಾಗ ಗೇಟಿನಲ್ಲಿ ವಿಸಿಲ್ ಕೊಡುವುದು, ಬಂದಾಗ ಗೇಟಿನಲ್ಲೇ ತಗೊಳ್ಳುವುದು. ಕೊಡುವಾಗಲೂ ತಗೊಳ್ಳುವಾಗಲೂ ಇಬ್ಬರ ಕಡೆಯಿಂದಲೂ ಒಂದೊಂದು ಸಲ್ಯೂಟ್. ವಾಪಸ್ ತಗೊಂಡ ಮೇಲೆ ಅವನು ಹೇಳುತ್ತಿದ್ದ ಮಾತೂ ಒಂದೇ: ಕಾವಲು ತಗೊಂಡೆ, ಇನ್ನು ನೀನು ಬಿಡುಗಡೆ, ಹೋಗು ಆಡ್ಕೋ. ಕಟ್ಟಿದ ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡುತ್ತಿತ್ತು ಮಗು. ಪಂಕ್ಚರಮ್ಮನಿಗೆ ಇದನ್ನು ನೋಡುವುದೇ ಒಂದು ಸಂಭ್ರಮ. ಗಿರಾಕಿಗಳಿಗೆಲ್ಲ ಕೈಮಾಡಿ ತೋರಿಸಿ ಹೇಳಿಕೊಂಡು ನಗುತ್ತಿದ್ದಳು.

ನಗದೆ ಏನು ಮಾಡಿಯಾಳು? ವಿಸಿಲ್ ಕೊರಳಲ್ಲಿದ್ದ ತಿಂಗಳುಗಳಲ್ಲಿ ಮಗಳು ಹೇಳಿಸಿಕೊಳ್ಳದೆ ಬಾಗಿಲ ಚಿಲಕ ನೋಡಿ ಬರುತ್ತಿದ್ದಳು. ಹಾಸಿಗೆಯಲ್ಲಿ ಬಾಗಿಲ ಕಡೆಗೇ ತಾನು ಮಲಗುತ್ತಿದ್ದಳು. ಗೆಳತಿಯರ ಮನೆಗೆ ಕರೆದರೆ ಹೋಗುತ್ತಿರಲಿಲ್ಲ. ಇಷ್ಟು ಸಣ್ಣ ವಯಸ್ಸಿಗೆ ಎಷ್ಟು ಜವಾಬ್ದಾರಿ ನೋಡಿ ಅಂತ ತಾಯಿ ಬೀಗಿದಳು. ನಡುನಡುವೆ ಶಾಲೆಯಿಂದ ದೂರು ಬರುತ್ತಿತ್ತು: ಒಬ್ಬನನ್ನು ಕಚ್ಚಿದಳು, ಇನ್ನೊಬ್ಬಳನ್ನು ತಳ್ಳಿದಳು. ಮಕ್ಕಳು ಮಕ್ಕಳು ಜಗಳ ಆಡದೆ ದೊಡ್ಡವರು ಆಡುತ್ತಾರಾ ಅಂತ ಅವಳು ತಳ್ಳಿಹಾಕಿದಳು. ಹೆತ್ತವರಿಗೆ ಹೆಗ್ಗಣ ಮುದ್ದು, ಗೊತ್ತಿರುವ ಮಾತೇ. ಅಪ್ಪ ರಜೆಗೆ ಬಂದಾಗ ಮಗಳು ಬೆಣ್ಣೆಯ ಹಾಗೆ ಮೆತ್ತಗಾಗುತ್ತಿದ್ದದ್ದನ್ನೂ ಅವಳು ಕಂಡಿದ್ದಳು. ಅಪ್ಪನ ಭಯ ಅಂದುಕೊಂಡಳು.

ಹೀಗಿರುವಾಗ ಗಂಡನಿದ್ದ ಮಿಲಿಟರಿ ಲಾರಿ ಇಳಿಜಾರಿನಲ್ಲಿ ಮಗುಚಿತು. ಎಷ್ಟೋ ತಿಂಗಳು ಆಸ್ಪತ್ರೆಯಲ್ಲಿ ಕಳೆದ ಮೇಲೆ ಅವನನ್ನು ಮನೆಗೆ ಕಳಿಸಿದರು, ಇನ್ನು ನೌಕರಿಗೆ ಬರಬೇಕಾಗಿಲ್ಲ ಅಂತ. ನಾಲ್ಕು ಜನ ಸ್ಟ್ರೆಚರಿನಲ್ಲಿ ಇಳಿಸಿಕೊಂಡು ಬಂದರು. ಮಗಳು ಗೇಟಿನಲ್ಲಿ ನಿಂತಿದ್ದಳು. ಜಾಗ ಬಿಡು, ಜಾಗ ಬಿಡು ಅಂತ ಯಾರೋ ಅವಳನ್ನು ಪಕ್ಕಕ್ಕೆ ಸರಿಸಿದರು. ದಿಂಬು ತರುವವರು, ಔಷಧಿ ಚೀಲ ಹಿಡಿದವರು, ಸುಮ್ಮನೆ ಅಳುವವರು, ಹೀಗೆ ಮನೆ ತುಂಬಿತು. ಆಗ ಅವಳಿಗೆ ಹದಿನಾಲ್ಕು ಮುಗಿದಿತ್ತು.

ಅವನ ಎಡಗಾಲು ಭಾರ ತಡೆಯುತ್ತಿರಲಿಲ್ಲ. ಎಡಗಿವಿ ಅರ್ಧ ಕೇಳಿಸುತ್ತಿರಲಿಲ್ಲ. ಎಲ್ಲಾದರೂ ತಟ್ಟೆ ಬಿದ್ದು ಸದ್ದಾದರೆ ಬೆಚ್ಚಿ ಗೋಡೆಗೆ ಒರಗುತ್ತಿದ್ದ. ಆದರೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಜನ ಹೇಳಿಕೊಂಡು ತಿರುಗಿದ್ದೇ ಬೇರೆ: ಆ ಮನುಷ್ಯ ಮನೆಯಲ್ಲಿ ಯಾರ ಮೇಲೂ ಕೈ ಎತ್ತಿದವನಲ್ಲ. ಜಿರಲೆ ಕಂಡರೆ ಕಾಗದದಲ್ಲಿ ಎತ್ತಿ ಹೊರಗೆ ಬಿಡುವವನು. ಹಿಂದಿನ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು, ಹಾಕುವುದನ್ನೇ ಬಿಟ್ಟಿದ್ದ ಬೂಟುಗಳಿಗೆ ಪಾಲಿಶ್ ಮಾಡುತ್ತ ಕೂತಿರುತ್ತಿದ್ದ. ಕೋಲು ಊರಿಕೊಂಡು ಅಂಗಳದವರೆಗೆ ಬಂದರೆ ಅದೇ ಹೆಚ್ಚು, ಗೇಟಿನಾಚೆ ಕಾಲಿಡುತ್ತಿರಲಿಲ್ಲ.

ಮಗಳ ಜಗಳ ಜೋರಾದದ್ದು ಆಗ. ಮನೆ ಮುಂದೆ ಬೈಕಿನ ಎಕ್ಸಲೇಟರ್ ಕೊಟ್ಟು ಸದ್ದು ಮಾಡಿದ ಹುಡುಗನ ಕೀ ಕಿತ್ತು ಚರಂಡಿಗೆ ಎಸೆದಳು. ಅಪ್ಪನ ನಡಿಗೆ ಅಣಕಿಸಿದವನ ಮೂಗಿನಲ್ಲಿ ರಕ್ತ ಬರಿಸಿದಳು. ಇಷ್ಟಕ್ಕೆ ಬೀದಿಯವರು ಒಳಗೊಳಗೇ ಭೇಷ್ ಅಂದರು ಅನ್ನಿ. ಆಮೇಲೆ ಕಾರಣಗಳು ಸಣ್ಣವಾಗುತ್ತ ಬಂದವು. ಸಾಲಿನಲ್ಲಿ ತಳ್ಳಿದವಳು, ಹೆಚ್ಚು ಹೊತ್ತು ದಿಟ್ಟಿಸಿದವನು, ಬೆಂಚು ಸದ್ದಾಗಿ ಎಳೆದವನು. ಮಿಲ್ಟ್ರಿ ರಕ್ತ ಕಣಮ್ಮ, ಸುಮ್ಮನೆ ಇರುತ್ತಾ ಅಂದಳು ಪಕ್ಕದ ಮನೆಯಾಕೆ. ರಕ್ತದಲ್ಲೇ ಬರೋದಾದರೆ ಜಿರಲೆ ಎತ್ತಿ ಹೊರಗೆ ಬಿಡೋದು ಬರಬೇಕಿತ್ತು ಅಂತ ಪಂಕ್ಚರಮ್ಮ ಅವಳ ಬಾಯಿ ಮುಚ್ಚಿಸಿದಳು. ಬಾಯಿ ಮುಚ್ಚಿಸಿದಷ್ಟು ಸುಲಭವಾಗಿ ತನ್ನ ಹೆದರಿಕೆ ಮುಚ್ಚಿಡಲು ಅವಳಿಗೆ ಆಗಲಿಲ್ಲ. ಮಗಳಿಗೆ ಬೈದಳು, ಊಟ ಬಿಟ್ಟಳು, ಅವಳ ಪರವಾಗಿ ಹತ್ತಾರು ಮನೆ ಬಾಗಿಲಿಗೆ ಹೋಗಿ ತಪ್ಪಾಯಿತು ಅಂದಳು. ಒಂದು ವಾರ ಸುಮ್ಮನಿದ್ದು ಮತ್ತೆ ಅದೇ ರಾಗ.

ಕೊನೆಗೆ ಒಂದು ಶುಕ್ರವಾರ ಆದದ್ದು ಇದು. ಕ್ಲಾಸಿನಲ್ಲಿ ಒಬ್ಬ ಸಾಧು ಹುಡುಗ, ದಪ್ಪ ಕನ್ನಡಕದವನು. ಇವಳು ಬಿಟ್ಟು ಬಂದಿದ್ದ ಕಂಪಾಸ್ ಪೆಟ್ಟಿಗೆ ಕೊಡಲು ಹಿಂದಿನಿಂದ ಬಂದು ಭುಜ ಮುಟ್ಟಿದ, ಅಷ್ಟೇ. ಇವಳು ತಿರುಗಿದ್ದೂ ಗುದ್ದಿದ್ದೂ ಒಟ್ಟಿಗೆ ಆಯಿತು. ಹುಡುಗನ ಮುಂದಿನ ಹಲ್ಲು ಮುರಿದು ನೆಲಕ್ಕೆ ಬಿತ್ತು. ಕಂಪಾಸ್ ಪೆಟ್ಟಿಗೆ ಇನ್ನೂ ಅವನ ಕೈಯಲ್ಲೇ ಇತ್ತು.

ಹೆಡ್‌ಮಿಸ್ಟ್ರೆಸ್ ಪಂಕ್ಚರಮ್ಮನನ್ನು ಕರೆಸಿದರು. ಅವರು ಕೂಗಾಡುವ ಪೈಕಿಯವರಲ್ಲ. ದಣಿದ, ನ್ಯಾಯವಂತ ಹೆಂಗಸು. ಸೋಮವಾರ ಅಪ್ಪ ಅಮ್ಮ ಇಬ್ಬರೂ ಬರಬೇಕು, ಇವಳನ್ನು ಇಲ್ಲಿ ಇಟ್ಟುಕೊಳ್ಳಲು ತನಗೆ ಒಂದು ಕಾರಣವಾದರೂ ಕೊಡಬೇಕು, ಇಲ್ಲವಾದರೆ ಟಿ.ಸಿ. ತಗೊಂಡು ಹೋಗಿ ಅಂದರು. ಪರೀಕ್ಷೆಗೆ ಇನ್ನು ಸ್ವಲ್ಪವೇ ದಿನ. ಈ ಶಾಲೆಯಿಂದ ಹೊಡೆದಾಟಕ್ಕೆ ಹೊರಬಿದ್ದವಳನ್ನು ಇನ್ಯಾವ ಶಾಲೆ ಸೇರಿಸಿಕೊಂಡೀತು? ಹೊರಡುವಾಗ ಹೆಡ್‌ಮಿಸ್ಟ್ರೆಸ್ ಇನ್ನೊಂದು ಮಾತು ಹೇಳಿದರು.

"ನೋಡಿ ಅಮ್ಮ, ಅವಳು ಯಾವಾಗ ಹೊಡೀತಾಳೆ ಅಂತ ನಂಗೆ ಗೊತ್ತು. ಯಾವಾಗ ಹೊಡೆಯಲ್ಲ ಅಂತ ನೀವು ಯೋಚನೆ ಮಾಡಿ."

ಶನಿವಾರ ಅಂಗಡಿಯಲ್ಲಿ ಅವಳ ಕೈ ಒಂದು ಕಡೆ, ಮನಸ್ಸು ಒಂದು ಕಡೆ. ಒಂದು ಸಣ್ಣ ಲಾರಿಯ ಟೈರು ಬಿಚ್ಚಿ ಪ್ಯಾಚ್ ಹಾಕಿ ಕಳಿಸಿದಳು. ಊಟದ ಹೊತ್ತಿಗೆ ಅದೇ ಲಾರಿ ಕುಂಟಿಕೊಂಡು ವಾಪಸ್ ಬಂತು. ಡ್ರೈವರು ಅವಳಿಗೆ ಹತ್ತು ವರ್ಷದ ಪರಿಚಯ, ಬೈಯಲಿಲ್ಲ. ಏನಕ್ಕಾ, ನಿಮ್ಮ ಕೈಯಲ್ಲೂ ಹೀಗಾಗುತ್ತಾ ಅಂತ ಮಾತ್ರ ಕೇಳಿದ. ಟ್ಯೂಬು ಎಳೆದು ನೋಡಿದರೆ ಬೆಳಿಗ್ಗೆ ಹಾಕಿದ ಪ್ಯಾಚಿನ ಪಕ್ಕದಲ್ಲೇ ಹೊಸ ತೂತು. ಟೈರಿನ ಒಳಗೆ ಕೈ ಹಾಕಿ ಸವರಿದಳು. ಮೊಳೆ ಬೆರಳಿಗೆ ಚುಚ್ಚಿತು. ಹುಟ್ಟಿ ಬೆಳೆದ ಕೆಲಸದಲ್ಲಿ ಮೊದಲ ಪಾಠವನ್ನೇ ಮರೆತಿದ್ದಳು.

ಮೊಳೆ ಕಿತ್ತು ಕೈಯಲ್ಲಿ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಳು. ಮನೆ ಮನೆಗೆ ಹೋಗಿ ತಪ್ಪಾಯಿತು ಅಂದದ್ದೆಲ್ಲ ಪ್ಯಾಚು. ಮೊಳೆ ಎಲ್ಲಿದೆ ಅಂತ ತಾನು ಯಾವತ್ತು ಸವರಿ ನೋಡಿದ್ದೆ? ಹೆಡ್‌ಮಿಸ್ಟ್ರೆಸ್ ಕೇಳಿದ ಪ್ರಶ್ನೆಯನ್ನು ಈಗ ನೆಟ್ಟಗೆ ಎದುರಿಗೆ ಇಟ್ಟುಕೊಂಡಳು. ಮಗಳು ಯಾವಾಗ ಹೊಡೆಯುತ್ತಿರಲಿಲ್ಲ? ಗಂಡ ರಜೆಯಲ್ಲಿ ಮನೆಯಲ್ಲಿದ್ದ ತಿಂಗಳುಗಳಲ್ಲಿ. ವರ್ಷ ವರ್ಷವೂ ಹಾಗೇ, ಒಂದು ಸಲವೂ ತಪ್ಪಿಲ್ಲ. ಸರಿ, ಹಾಗಾದರೆ ಈಗ ಅವನು ಖಾಯಂ ಮನೆಯಲ್ಲೇ ಇದ್ದಾನಲ್ಲ, ಈಗ ಯಾಕೆ? ಅಲ್ಲಿಗೆ ಲೆಕ್ಕ ತಪ್ಪುತ್ತಿತ್ತು. ಡ್ರೈವರು ಕೊಡಲು ಬಂದ ದುಡ್ಡು ಬೇಡ ಅಂತ ಕಳಿಸಿ ಅವಳು ಶಟರ್ ಎಳೆದಳು.

ಉತ್ತರ ಸಿಕ್ಕಿದ್ದು ಭಾನುವಾರ ಮಧ್ಯಾಹ್ನ, ಅದೂ ದವಡೆಯ ಮೇಲೆ.

ಬಟ್ಟೆ ಒಗೆದು ಒಳಗೆ ಬಂದಾಗ ಮಗಳು ಮುಂಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲು ಮಡಚಿಕೊಂಡು, ಕೂತಲ್ಲೇ ನಿದ್ದೆ ಹೋಗಿದ್ದಳು. ಒಳಗೆ ಮಂಚ ಖಾಲಿ ಇತ್ತು. ಮಗಳ ಕಣ್ಣ ಕೆಳಗೆ ಕಪ್ಪಾಗಿತ್ತು. ಎಷ್ಟು ಸೊರಗಿದ್ದಾಳೆ ನನ್ನ ಕೂಸು ಅಂದುಕೊಂಡಳು ತಾಯಿ. ಬಗ್ಗಿ ಕೆನ್ನೆ ಮುಟ್ಟಿದಳು. ಕಣ್ಣು ಬಿಡುವುದಕ್ಕೂ ಮುಂಚೆ ಮಗಳ ಮುಷ್ಟಿ ಎದ್ದು ಬಂತು. ಪಂಕ್ಚರಮ್ಮ ಜಾಕು ಹೊತ್ತ ಗಟ್ಟಿ ಹೆಂಗಸು. ಆದರೂ ಎರಡು ಹೆಜ್ಜೆ ಹಿಂದೆ ಹೋಗಿ ಕೂತುಬಿಟ್ಟಳು.

ಮಗಳು ಎಚ್ಚರಾಗಿ ನೋಡಿದಳು. ತಾನು ಯಾರನ್ನು ಹೊಡೆದೆ ಅಂತ ಗೊತ್ತಾದಾಗ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಬಂದು ತಾಯಿಯ ಗಲ್ಲ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವಳ ಅಂಗಿಯ ಕೊರಳಿನಿಂದ ಹಳೆಯ ದಾರವೊಂದು ಹೊರಗೆ ಜಾರಿತು. ದಾರದ ತುದಿಯಲ್ಲಿ ಅದೇ ವಿಸಿಲ್.

ತಾಯಿ ಬೈಯಲಿಲ್ಲ. ಊದುತ್ತಿದ್ದ ದವಡೆ ಹಿಡಿದುಕೊಂಡೇ ಕೇಳಿದಳು. "ಒಳಗೆ ಮಂಚ ಇಲ್ವಾ? ಇಲ್ಲಿ ಯಾಕೆ ಮಲಗ್ತೀಯ?"

"ಒಳಗಿಂದ ಬಾಗಿಲು ಕಾಣಲ್ಲ."

"ಕಾಣದಿದ್ರೆ ಏನಾಯ್ತು? ಅಪ್ಪ ಮನೇಲೇ ಇದಾರಲ್ಲ."

ಹುಡುಗಿ ನೆಲ ನೋಡಿದಳು. "ಅಪ್ಪ ಇನ್ನೂ ಕಾವಲು ತಗೊಂಡಿಲ್ಲಮ್ಮ."

ಪಂಕ್ಚರಮ್ಮನಿಗೆ ಒಂದು ಕ್ಷಣ ತಲೆಗೆ ಹೋಗಲಿಲ್ಲ. ಆಮೇಲೆ ಸ್ಟ್ರೆಚರ್ ಇಳಿಸಿದ ದಿನ ಗೇಟಿನಲ್ಲಿ ನಿಂತಿದ್ದ ಮಗಳು, ಮುಂದಕ್ಕೆ ಚಾಚಿದ್ದ ಅವಳ ಕೈ, ಎಲ್ಲ ಕಣ್ಣಿಗೆ ಕಟ್ಟಿತು.

"ಅದು ಚಿಕ್ಕ ಮಕ್ಕಳ ಆಟ ಅಂತ ನಂಗೂ ಗೊತ್ತು," ಅಂದಳು ಮಗಳು. "ಎಷ್ಟೋ ಸಲ ಇದನ್ನ ಕಪಾಟಲ್ಲಿ ಇಟ್ಟು ಮಲಗಿ ನೋಡಿದೀನಿ. ಕಣ್ಣು ಮುಚ್ಚಿದ್ರೆ ಹಿಂದೆ ಯಾರೋ ನಿಂತ ಹಾಗಾಗುತ್ತೆ. ಕೈ ಮೊದ್ಲು ಹೋಗುತ್ತೆ, ಯಾರು ಅಂತ ಆಮೇಲೆ ಗೊತ್ತಾಗುತ್ತೆ. ಅವನು ಕಂಪಾಸ್ ಕೊಡೋಕೆ ಬಂದಿದ್ದ ಅಮ್ಮ."

ನಮ್ಮಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅಂತ ಒಂದು ಮಾತಿದೆ. ಹೇಳುವುದಕ್ಕೆ ಸುಲಭ. ಅಷ್ಟು ವರ್ಷ ಹಾಗೆ ಕಾದವರ ಕಣ್ಣು ಏನಾಗುತ್ತದೆ ಅಂತ ಯಾರೂ ಹೇಳುವುದಿಲ್ಲ. ತನ್ನ ಮಗಳ ಕಣ್ಣಿನಲ್ಲಿ ಪಂಕ್ಚರಮ್ಮ ಅದನ್ನು ನೋಡಿದಳು. ಎದ್ದು ಸೀದಾ ಹಿಂದಿನ ಕೋಣೆಗೆ ಹೋದಳು.

ಗಂಡ ಬೂಟಿಗೆ ಬ್ರಶ್ ಹಾಕುತ್ತಿದ್ದ. ಅವಳು ಅವನ ಬಲಗಿವಿಯ ಕಡೆಗೆ ನಿಂತು, ಒಂದೂ ಬಿಡದೆ ಹೇಳಿದಳು. ಅವನು ಬ್ರಶ್ ಕೆಳಗಿಟ್ಟ. ಮರೆತುಹೋಗಿತ್ತು ಅನ್ನುತ್ತಾನೆ, ಆಮೇಲೆ ಎಲ್ಲ ಸುಲಭವಾಗುತ್ತದೆ ಅಂತ ಅವಳು ಅಂದುಕೊಂಡಿದ್ದಳು. ಅವನು ಹಾಗನ್ನಲಿಲ್ಲ.

"ಅವತ್ತು ನೋಡಿದೆ. ಕೈಯಲ್ಲಿ ಹಿಡ್ಕೊಂಡು ನಿಂತಿದ್ಲು."

"ನೋಡಿಯೂ ತಗೊಳ್ಳಲಿಲ್ವಾ?"

"ಎದ್ದು ನಿಲ್ಲೋಕಾಗದವನು ಕಾವಲು ತಗೋಬಾರದು. ತಗೊಂಡ್ರೆ ಅದು ಸುಳ್ಳು ಹೇಳಿದ ಹಾಗೆ." ಅವನು ತನ್ನ ಕಾಲು ನೋಡಿಕೊಂಡ. "ಮುಂದಿನ ತಿಂಗಳು ಕೋಲಿಲ್ಲದೆ ನಿಲ್ತೀನಿ, ಆಗ ತಗೊಳ್ಳೋಣ ಅಂದ್ಕೊಂಡೆ. ಹಾಗೇ ಮುಂದಕ್ಕೆ ಹೋಯ್ತು."

ಪಂಕ್ಚರಮ್ಮನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಂಥ ತಪ್ಪು ಮಾಡುವುದಕ್ಕೆ ಇಂಥ ಪ್ರಾಮಾಣಿಕನೇ ಬೇಕು. ಬೇರೆ ಯಾವ ಅಪ್ಪನಾದರೂ ಮಲಗಿದ್ದಲ್ಲಿಂದಲೇ ವಿಸಿಲ್ ತಗೊಂಡು ದಿಂಬಿನ ಕೆಳಗೆ ಹಾಕಿಕೊಳ್ಳುತ್ತಿದ್ದ. ಇವನು ತನ್ನ ನಿಯಮಕ್ಕೆ ಒಂದು ಕೂದಲೂ ಕೊಂಕದ ಹಾಗೆ ನೋಡಿಕೊಂಡ, ಕೊಂಕಿದ್ದು ಮಗಳು. ಇಷ್ಟು ದಿನ ಕಾಯಿಲೆಯವನು ಅಂತ ತಡೆದುಕೊಂಡಿದ್ದ ಮಾತೆಲ್ಲ ನಾಲಗೆಯ ತುದಿಗೆ ಬಂತು. ಆದರೆ ಅವನು ಇನ್ನೂ ತನ್ನ ಕಾಲನ್ನೇ ನೋಡುತ್ತಿದ್ದ. ನುಂಗಿಕೊಂಡಳು. ಸಿಟ್ಟಿನಲ್ಲಿ ಕೊಯ್ದ ಮೂಗು ಆಮೇಲೆ ಅಂಟೀತೆ?

ಸರಿ, ನಿಮಗೆ ಆಗುವುದಿಲ್ಲ ತಾನೆ, ಹಾಗಾದರೆ ನನಗೆ ಕೊಡಿಸಿ, ನಾನು ತಗೋತೀನಿ ಅಂದಳು.

ಅವನು ತಲೆ ಎತ್ತಿದ. "ನೀನಾ? ಅವಳು ಕಾಯ್ತಿರೋದೇ ನಿನ್ನನ್ನ."

"ಲಾರಿ ಸ್ಟ್ಯಾಂಡ್ ಮೂಲೇಲಿ ಇಷ್ಟು ವರ್ಷ ಒಬ್ಬಳೇ ನಿಂತಿದೀನಿ. ನನ್ನ ಕಾಯೋಕೆ ಒಂದು ಮಗು ಬೇಕು ಅಂತ ನಿಮಗೆ ಯಾರ್ರೀ ಹೇಳಿದ್ದು?"

ಅವಳಿಗೆ ಆ ಮಾತು ಆಡಿದ ಮೇಲೇ ಹೊಳೆದದ್ದು, ಇದನ್ನು ಹನ್ನೊಂದು ವರ್ಷದ ಹಿಂದೆ ಆ ಗೇಟಿನಲ್ಲೇ ತಾನು ಹೇಳಬಹುದಿತ್ತು ಅಂತ. ಆಗ ನಕ್ಕಿದ್ದಳು. ಹೋಗಲಿ, ಈಗಲಾದರೂ ಹೇಳಿದಳಲ್ಲ.

ಅವನು ಬೂಟು ಎತ್ತಿಕೊಂಡ. ಮಾಡುವುದಾದರೆ ಸರಿಯಾಗಿ ಮಾಡಬೇಕು, ಕಾವಲಿಗೆ ಹಾಕಿದವನೇ ಬಿಡಿಸಬೇಕು ಅಂದ. ಎಡಗಾಲಿನ ಬೂಟಿಗೆ ಅವಳು ಲೇಸು ಕಟ್ಟಿಕೊಟ್ಟಳು. ಆ ಮನೆಯಲ್ಲಿ ಬೂಟಿನ ಸದ್ದು ಕೇಳದೆ ಎಷ್ಟೋ ಕಾಲವಾಗಿತ್ತು. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆ ಅವನು ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಗೋಡೆಯ ಮೇಲೆ ಇಟ್ಟುಕೊಂಡು ಗೇಟಿನವರೆಗೆ ಬಂದ.

ಭಾನುವಾರದ ಸಂಜೆ, ಬೀದಿಯಲ್ಲಿ ಮಕ್ಕಳು ಚೆಂಡು ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡಿದರು. ಪಕ್ಕದ ಮನೆಯಾಕೆಯ ಕಿಟಕಿ ತೆರೆಯಿತು. ಎಲ್ಲಾ ನೋಡ್ತಿದಾರೆ ಅಂತ ಮಗಳು ಗೊಣಗಿದಳು, ನೋಡಲಿ ಅಂದಳು ತಾಯಿ. ಗ್ರೀಸಿನ ಕಲೆಯ ಅಂಗಿ, ಊದಿದ ದವಡೆ. ಹಾಗೇ ನೆಟ್ಟಗೆ ಮಗಳ ಎದುರು ನಿಂತಳು. ಅಪ್ಪ ಕೋಲನ್ನು ಗೇಟಿಗೆ ಒರಗಿಸಿ, ಗೇಟನ್ನು ಹಿಡಿದುಕೊಂಡು, ಆಜ್ಞೆ ಕೊಡುವ ದನಿಯಲ್ಲಿ ಕಾವಲು ಬದಲು ಅಂದ. ದನಿ ಮೊದಲು ಒಡೆಯಿತು, ಆಮೇಲೆ ಸರಿಹೋಯಿತು.

ಹುಡುಗಿ ವಿಸಿಲ್ ತೆಗೆದು ಚಾಚಿದಳು. ತಾಯಿ ಅಂಗೈ ಒಡ್ಡಿದಳು. ಆದರೆ ಆ ಮುಷ್ಟಿ ಬಿಚ್ಚಿಕೊಳ್ಳಲಿಲ್ಲ. ತುಕ್ಕು ಹಿಡಿದ ನಟ್ಟನ್ನು ಜೋರು ಮಾಡಿ ತಿರುಗಿಸಿದರೆ ಮುರಿಯುತ್ತದೆ ಅಂತ ಪಂಕ್ಚರಮ್ಮನಿಗೆ ಗೊತ್ತು. ಎಳೆಯದೆ ಕಾದಳು. ಒಂದೊಂದೇ ಬೆರಳು ಸಡಿಲವಾಗಿ ವಿಸಿಲ್ ಅವಳ ಗೀರುಗಳ ಅಂಗೈಗೆ ಬಿತ್ತು.

"ಕಾವಲು ತಗೊಂಡೆ," ಅಂದಳು.

ಅಪ್ಪ ಮಗಳಿಗೆ ಸಲ್ಯೂಟ್ ಹೊಡೆದ. "ನೀನು ಬಿಡುಗಡೆ. ತಡ ಆಯ್ತು, ತಪ್ಪು ನಂದು." ಹಳೆಯ ಮಾತನ್ನೂ ಸೇರಿಸಿದ. "ಹೋಗು, ಆಡ್ಕೋ."

ಹದಿನಾರು ವರ್ಷದವಳು ಆಡ್ಕೋ ಅಂದರೆ ಏನು ಆಡಿಯಾಳು? ಒಳಗೆ ಹೋಗಿ ಚಪ್ಪಲಿಯನ್ನೂ ಬಿಡದೆ ಮಂಚದ ಮೇಲೆ ಬಿದ್ದುಕೊಂಡಳು. ಊಟಕ್ಕೆ ಕರೆಯಲು ಹೋದರೆ ಆಗಲೇ ನಿದ್ದೆ.

ಸೋಮವಾರ ಬೆಳಿಗ್ಗೆ ಬಿಸಿಲು ಕಿಟಕಿಯಿಂದ ಮಂಚಕ್ಕೆ ಬಂದರೂ ಅವಳು ಏಳಲಿಲ್ಲ. ಅಂಗಾತ ಮಲಗಿ, ಬಾಯಿ ತೆರೆದು, ಕೈಕಾಲು ನಾಲ್ಕು ದಿಕ್ಕಿಗೆ ಎಸೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ಎಬ್ಬಿಸೋಣವಾ ಅಂತ ಗಂಡ ಕೇಳಿದ. ಹೆಡ್‌ಮಿಸ್ಟ್ರೆಸ್ ಕರೆದದ್ದು ನಮ್ಮಿಬ್ಬರನ್ನು, ಅವಳನ್ನಲ್ಲ ಅಂದಳು ಹೆಂಡತಿ. ಪಕ್ಕದ ಮನೆಯಾಕೆಯನ್ನು ಜಗಲಿಯ ಮೇಲೆ ಕೂರಿಸಿ, ಇವತ್ತು ಬಾಯಿಗೆ ಬೀಗ ಹಾಕಿಕೊಂಡು ಬಾಗಿಲು ನೋಡಿಕೊಳ್ಳಿ ಅಂತ ಹೇಳಿ ಹೊರಟರು. ಸೊಂಟಕ್ಕೆ ಕೈ ಕೊಡಲೇ ಅಂದದ್ದಕ್ಕೆ ಅವನು ಬೇಡ ಅಂದ. ಅರ್ಧ ಬೀದಿ ನಡೆದ ಮೇಲೆ ತಾನೇ ಅವಳ ಭುಜ ಹಿಡಿದುಕೊಂಡ. ದಾರಿಯಲ್ಲಿ ಎರಡು ಸಲ ಲಾರಿಯ ಹಾರನ್ನಿಗೆ ನಿಂತ, ಮತ್ತೆ ನಡೆದ.

ಹೆಡ್‌ಮಿಸ್ಟ್ರೆಸ್ ಎದುರು ಅವನು ಕೂರಲಿಲ್ಲ. ಅಷ್ಟು ಸಣ್ಣ ಮಗುವನ್ನು ಕಾವಲಿಗೆ ನಿಲ್ಲಿಸಿದವನು ತಾನು, ಬಿಡಿಸದೆ ಮಲಗಿದವನೂ ತಾನು, ನಿನ್ನೆ ಬಿಡಿಸಿದ್ದೇನೆ ಅಂತ ನಾಲ್ಕು ಮಾತಿನಲ್ಲಿ ಮುಗಿಸಿದ. ಉಳಿದದ್ದನ್ನು ಹೆಂಡತಿ ಬಿಡಿಸಿ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡರು. ಮುಖ ಮೃದುವಾಯಿತು, ಮಾತು ಆಗಲಿಲ್ಲ. ಕಾರಣ ಅರ್ಥವಾಯಿತು, ಆದರೆ ಆ ಹುಡುಗನ ಹಲ್ಲು ಇದರಿಂದ ವಾಪಸ್ ಬರುವುದಿಲ್ಲ ಅಂದರು. ಕನ್ನಡಕದ ಹುಡುಗನನ್ನೂ ಕರೆಸಿದ್ದರು. ಅವನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು, ನಾನು ಹಿಂದಿನಿಂದ ಮುಟ್ಟಬಾರದಿತ್ತು ಆಂಟಿ ಅಂದ.

ಪಂಕ್ಚರಮ್ಮನಿಗೆ ಅದನ್ನು ಕೇಳಲಾಗಲಿಲ್ಲ. "ಇಲ್ಲಪ್ಪ. ನಿನ್ನದು ಏನೂ ತಪ್ಪಿಲ್ಲ, ಅದನ್ನ ನಿನ್ನ ತಲೆ ಮೇಲೆ ಹಾಕ್ಕೋಬೇಡ. ಮೊಳೆ ಸಿಕ್ತು ಅಂತ ತೂತು ಮುಚ್ಚಲ್ಲ. ಅದನ್ನೂ ನಾವೇ ಮುಚ್ಚಬೇಕು."

ಹಲ್ಲು ಕಟ್ಟಿಸುವುದು ತಮ್ಮ ಹೊಣೆ, ಮಗಳು ಅವನ ಮನೆಗೆ ಬಂದು ಅವನ ಅಪ್ಪ ಅಮ್ಮನ ಎದುರು ಕ್ಷಮೆ ಕೇಳುತ್ತಾಳೆ, ಬಾಗಿಲಲ್ಲಿ ನಿಲ್ಲಿಸಿದರೆ ಬಾಗಿಲಲ್ಲೇ ನಿಂತು ಕೇಳುತ್ತಾಳೆ ಅಂದಳು. ಹೆಡ್‌ಮಿಸ್ಟ್ರೆಸ್ ತಮ್ಮ ಷರತ್ತೂ ಹೇಳಿದರು: ಪರೀಕ್ಷೆಯವರೆಗೆ ಮನೆಯಲ್ಲೇ ಓದಬೇಕು, ಪರೀಕ್ಷೆಗೆ ಮಾತ್ರ ಬರಬೇಕು, ವಾರಕ್ಕೊಮ್ಮೆ ಶಾಲೆಯ ಆಪ್ತಸಲಹೆಗಾರರ ಹತ್ತಿರ ಕೂರಬೇಕು, ಅಪ್ಪನೂ ಜೊತೆಗೆ ಕೂತರೆ ಒಳ್ಳೆಯದು. ಇನ್ನೊಂದು ಸಲ ಕೈ ಎತ್ತಿದರೆ ತಾನು ಏನೂ ಕೇಳುವುದಿಲ್ಲ. ಮೇಜಿನ ಮೇಲೆ ಸಿದ್ಧವಾಗಿದ್ದ ಟಿ.ಸಿ.ಯನ್ನು ಹರಿಯಲಿಲ್ಲ, ಡ್ರಾಯರಿನೊಳಗೆ ಇಟ್ಟರು. ಅಷ್ಟು ಸಾಕು ಅನ್ನಿಸಿತು ಪಂಕ್ಚರಮ್ಮನಿಗೆ. ಗಾಳಿ ನಿಂತಿದೆಯೋ ಇಲ್ಲವೋ ಅಂತ ಗಾಡಿ ಓಡಿಸಿಯೇ ನೋಡಬೇಕು.

ಮನೆಗೆ ಬಂದಾಗ ಹೊತ್ತು ನೆತ್ತಿಯ ಮೇಲೆ ಬಂದಿತ್ತು. ಪಕ್ಕದ ಮನೆಯಾಕೆ ಬಾಯಿಗೆ ಬೆರಳಿಟ್ಟು ಶ್ ಅಂದಳು. ಮಗಳು ಮಗ್ಗುಲು ಬದಲಿಸಿದ್ದಳು ಅಷ್ಟೇ, ಎದ್ದಿರಲಿಲ್ಲ. ಆಕೆಯನ್ನು ಕಳಿಸಿ ಪಂಕ್ಚರಮ್ಮ ಹೊಸ್ತಿಲ ಮೇಲೆ ಕೂತಳು. ಕೊರಳಲ್ಲಿ ವಿಸಿಲ್ ಇತ್ತು. ಗಂಡ ಹಿಂದಿನ ಕೋಣೆಗೆ ಹೋಗಿ ಬೂಟು ಬಿಚ್ಚಿ ಮಲಗುತ್ತಾನೆ, ಅಷ್ಟು ದೂರ ನಡೆದು ಸುಸ್ತಾಗಿರುತ್ತದೆ ಅಂದುಕೊಂಡಳು. ಕುರ್ಚಿ ಎಳೆಯುವ ಸದ್ದು ಕೇಳಿತು. ಅವನು ಹಿಂದಿನ ಕೋಣೆಯ ಕುರ್ಚಿಯನ್ನು ನೂಕಿಕೊಂಡು ಮುಂಬಾಗಿಲಿಗೆ ತಂದು, ಅವಳ ಪಕ್ಕದಲ್ಲಿ ಹಾಕಿ ಕೂತ. ಬೂಟು ಬಿಚ್ಚಿರಲಿಲ್ಲ.

"ಅಂಗಡಿ ತೆಗೆಯಲ್ವಾ? ಗಾಡಿಯೋರು ಕಾಯ್ತಿರ್ತಾರೆ."

ಅವಳು ಏಳುವವರೆಗೆ ಇಲ್ಲೇ ಇರುತ್ತೇನೆ ಅಂದಳು ಪಂಕ್ಚರಮ್ಮ.

ಅವನು ಕೈ ಚಾಚಿದ. "ಕೊಡು ಇಲ್ಲಿ."

ಅವಳು ಅವನ ಕೈ ನೋಡಿದಳು, ಮುಖ ನೋಡಿದಳು. "ನಿಲ್ಲೋಕಾಗಲ್ಲ ಅಂದ್ರಲ್ಲ?"

"ಕೂತು ಕಾಯ್ತೀನಿ."

ಅವಳಿಗೆ ಕಣ್ಣು ತುಂಬಿ ಬಂತು. ವಿಸಿಲ್ ತೆಗೆದು ಅವನ ಕೊರಳಿಗೆ ಹಾಕಿದಳು, ಸರಿಯಾಗಿ ನೆಟ್ಟಗೆ ನಿಂತು ಒಂದು ಸಲ್ಯೂಟ್ ಹೊಡೆದಳು, ಅಂಗಡಿಯ ಕೀಲಿಕೈ ತಗೊಂಡು ಲಾರಿ ಸ್ಟ್ಯಾಂಡಿನ ಕಡೆ ಹೊರಟಳು.